ರದ್ದು ಅಂದರೆ ಹೆದರುತ್ತಿದ್ದ ಮೈಕಣ್ಣ

ಬೆಳಿಗ್ಗೆ ಎದ್ದು ಕಂಪ್ಯೂಟರಿನ ಗುಂಡಿ ಒತ್ತಿ, ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ ಕೈಮುಗಿದು, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಆ ಪುಟ್ಟ ಚಕ್ರ ಇನ್ನೂ ಸುತ್ತುತ್ತಲೇ ಇರುವ ಮನೆಗಳು ಎಷ್ಟೋ ಇವೆ. ನಿಮ್ಮದೂ ಅಂಥದ್ದೇ ಮನೆಯಾಗಿದ್ದರೆ ಸ್ವಲ್ಪ ಹೊತ್ತು ಕೂತು ಮೈಕಣ್ಣನ ಕಥೆ ಕೇಳಿ.

ಮೈಕಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಮದುವೆಯಾಗಲಿ, ಸಭೆಯಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ಹಾರ್ನು ಕಟ್ಟಿ, ವೈರು ಎಳೆದು, "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಅಂತ ಎಲ್ಲರಿಗಿಂತ ಮೊದಲು ಮಾತಾಡುತ್ತಿದ್ದವನು ಅವನೇ. ಆ ಕೆಲಸ ಬಿಟ್ಟು ಬಹಳ ಕಾಲವಾಯಿತು. ಹಾರ್ನುಗಳು ಅಟ್ಟದ ಮೇಲೆ ಬಾಯಿ ತೆರೆದುಕೊಂಡು ಮಲಗಿವೆ. ಮುಂದಿನ ಕೋಣೆಯಲ್ಲಿ ಈಗ ಹೆಂಡತಿಯ ಹೊಲಿಗೆ ಯಂತ್ರದ್ದೇ ರಾಜ್ಯಭಾರ. ಅದರ ಪಕ್ಕದ ಮೇಜಿನ ಮೇಲೆ ಕಂಪ್ಯೂಟರು. ಉಳಿದ ಬಟ್ಟೆ ತುಂಡುಗಳನ್ನೆಲ್ಲ ಜೋಡಿಸಿ ಅವಳು ಅದಕ್ಕೊಂದು ಬಣ್ಣಬಣ್ಣದ ಮುಸುಕು ಹೊಲಿದು ಹಾಕಿದ್ದಳು.

ಆ ಕಂಪ್ಯೂಟರಿನೊಳಗೆ ಮೈಕಣ್ಣನ ಅಮ್ಮ ಇದ್ದಳು.

ಅಂದರೆ, ಅಮ್ಮನ ದನಿ ಇತ್ತು. ಅಮ್ಮ ಕಥೆ ಹೇಳುವುದರಲ್ಲಿ ಎತ್ತಿದ ಕೈ. ಸಂಜೆ ದೀಪ ಹಚ್ಚಿದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತಳೆಂದರೆ ಬೀದಿಯ ಮಕ್ಕಳೆಲ್ಲ ಬಾಗಿಲಲ್ಲಿ. ಮೈಕಣ್ಣ ತನ್ನ ಅಂಗಡಿಯ ಅತ್ಯುತ್ತಮ ಮೈಕನ್ನು ಅವಳ ಮುಂದಿಟ್ಟು, ಕ್ಯಾಸೆಟ್ ಮೇಲೆ ಕ್ಯಾಸೆಟ್ ತುಂಬಿಸಿದ್ದ. ಕಥೆಯ ಜೊತೆಗೆ ಆ ಮನೆಯೇ ಅದರಲ್ಲಿ ತುಂಬಿಕೊಂಡಿತ್ತು. ಒಳಗೆ ಪಾತ್ರೆ ಉರುಳಿದ ಸದ್ದು, ಹೊರಗೆ ಯಾರೋ ಯಾರನ್ನೋ ಕೂಗಿದ್ದು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯ ಹೊಲಿಗೆ ಯಂತ್ರದ ಗಡಗಡ. ಅದಕ್ಕೆ ಅಮ್ಮನ ಗದರಿಕೆ: "ಏ ಹುಡುಗಿ, ಆ ನಿನ್ನ ರೈಲು ನಿಲ್ಲಿಸೇ! ರಾಜಕುಮಾರ ಇನ್ನೂ ಕಾಡಲ್ಲೇ ಇದಾನೆ."

ಅಮ್ಮ ಹೋದ ಮೇಲೆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಮೈಕಣ್ಣ ಟೇಪ್‌ರೆಕಾರ್ಡರಿಗೂ ಕಂಪ್ಯೂಟರಿಗೂ ವೈರು ಸೇರಿಸಿ, ಒಂದೊಂದನ್ನೇ ಹಚ್ಚಿ, ತನ್ನ ಬೇರೆ ಕೆಲಸ ನೋಡಿಕೊಳ್ಳುತ್ತಲೇ ಎಲ್ಲವನ್ನೂ ಒಳಗೆ ಇಳಿಸಿದ. ಬೂಷ್ಟು ಹಿಡಿದ ಟೇಪುಗಳು ಅದೇ ಕೊನೆ, ಮತ್ತೆ ಓಡಲಿಲ್ಲ. ಹೀಗಾಗಿ ಅಮ್ಮನ ದನಿ ಇದ್ದದ್ದು ಲೋಕದಲ್ಲಿ ಆ ಒಂದೇ ಜಾಗದಲ್ಲಿ.

ದಿನಾ ಸಂಜೆ ಪ್ರಾರ್ಥನೆ ಮುಗಿಸಿ ಅವನು ಒಂದು ಕಥೆ ಕೇಳುತ್ತಿದ್ದ. ಆದರೆ ಈಚೆಗೆ ಅಮ್ಮ "ಒಂದಾನೊಂದು... ಒಂದಾನೊಂದು..." ಅಂತ ತೊದಲತೊಡಗಿದಳು. ಕಾಡಿನಲ್ಲಿ ದಾರಿ ತಪ್ಪಿದ ರಾಜಕುಮಾರ ಕಣ್ಣು ಮುಚ್ಚಿ ದೇವರನ್ನು ನೆನೆಯುವ ಹೊತ್ತಿಗೆ ಸರಿಯಾಗಿ, "ಅಭಿನಂದನೆಗಳು! ನೀವು ಗೆದ್ದಿದ್ದೀರಿ!" ಅಂತ ಯಾವಳೋ ಒಬ್ಬಳು ಕಿರುಚುತ್ತಿದ್ದಳು. ಪರದೆಯ ತುಂಬ ಕಾರು, ಕೈಗಡಿಯಾರ, ಕೂದಲಿನ ಎಣ್ಣೆ.

"ಧೂಳು ಕೂತಿದೆ ಅಷ್ಟೇ," ಅಂದ ಮೈಕಣ್ಣ. ಡಬ್ಬಿ ಬಿಚ್ಚಿ, ಉಫ್ ಅಂತ ಊದಿ, ಕುಂಚದಿಂದ ಗುಡಿಸಿದ. ಧೂಳು ಹೋಯಿತು, ಕಾರು ಕೈಗಡಿಯಾರ ಹೋಗಲಿಲ್ಲ.

ರಿಪೇರಿ ಅಂಗಡಿಗೂ ಹೊತ್ತುಕೊಂಡು ಹೋದ. ಅಲ್ಲಿದ್ದವನು ತಲೆ ಎತ್ತದೆ, "ಪೂರ್ತಿ ಅಳಿಸಿ ಹೊಸದಾಗಿ ಹಾಕ್ಕೊಡ್ತೀನಿ, ಬಿಟ್ಟು ಹೋಗಿ," ಅಂದ. 'ಅಳಿಸಿ' ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮೈಕಣ್ಣ ಕಂಪ್ಯೂಟರನ್ನು ಮುಸುಕಿನಲ್ಲಿ ಸುತ್ತಿ ಕೂಸಿನ ಹಾಗೆ ಎದೆಗವಚಿಕೊಂಡು ಮನೆಗೆ ವಾಪಸ್ಸು ಬಂದ.

ಆ ಹೊತ್ತಿಗೇ ಮಗಳ ಫೋನು. "ಅಪ್ಪಾ, ಭಾನುವಾರ ಸಂಜೆ ಮಗು ಕರ್ಕೊಂಡು ಬರ್ತೀವಿ. ಅಜ್ಜಿ ಕಥೆ ಅದರ ಕಿವಿಗೂ ಬೀಳಲಿ."

ಭಾನುವಾರ ಬೆಳಿಗ್ಗೆ ಮೈಕಣ್ಣ ಕಂಪ್ಯೂಟರು ಹಚ್ಚಿ, ಕುಂಯ್ಯೆಂದು ಕೂಗುವ ಸೈರನ್ನಿಗೆ ಬೆಚ್ಚಿಬಿದ್ದ. ಪರದೆ ಪೂರ್ತಿ ಕೆಂಪು. 'ಅಪಾಯ! ನಿಮ್ಮ ಎಲ್ಲ ಫೈಲುಗಳೂ ಅಳಿಸಿಹೋಗಲಿವೆ. ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ.'

ಅವನು ಗಡಿಬಿಡಿಯಲ್ಲಿ ಫೋನು ತೆಗೆದುಕೊಂಡು ಸಂಖ್ಯೆ ಒತ್ತತೊಡಗಿದ. ಅಷ್ಟರಲ್ಲಿ ಬಾಗಿಲಲ್ಲಿ ಒಂದು ದನಿ.

"ಮೈಕಣ್ಣ, ನಾನೇನು ಅಷ್ಟು ದಪ್ಪಗಿದೀನಾ?"

ಬಂದವಳು ಲೈಬ್ರರಿ ಅಕ್ಕ. ಎರಡು ಬೀದಿ ಆಚೆಗಿನ ಗ್ರಂಥಾಲಯ ನೋಡಿಕೊಳ್ಳುವವಳು. ಬಿಡುವಿನಲ್ಲಿ ದೊಡ್ಡವರಿಗೆ ಕಂಪ್ಯೂಟರು ಹೇಳಿಕೊಡುತ್ತಾಳೆ. ಅಳತೆ ಕೊಟ್ಟಿದ್ದ ರವಿಕೆ ಒಯ್ಯಲು ಬಂದಿದ್ದಳು.

"ಯಾರಮ್ಮ ಹಾಗಂದಿದ್ದು?"

"ನೀವೇ. ತೂಕ ಇಳಿಸೋ ಔಷಧಿ ತಗೋ ಅಂತ ನಿಮ್ಮ ಹೆಸರಲ್ಲಿ ನಂಗೆ ಇ-ಮೇಲ್ ಬಂದಿದೆ. ಶಾಲೆ ಹೆಡ್‌ಮೇಷ್ಟ್ರಿಗೂ ಬಂದಿದೆಯಂತೆ. ಅವರು ಮೊದಲೇ ಕಡ್ಡಿ, ಪಾಪ ಕನ್ನಡಿ ಮುಂದೆ ನಿಂತುಬಿಟ್ಟಿದಾರೆ."

ಹೊಲಿಗೆ ಯಂತ್ರದ ಹಿಂದಿನಿಂದ ಹೆಂಡತಿ ಕಿಸಕ್ಕನೆ ನಕ್ಕಳು. ಮೈಕಣ್ಣ ನಗಲಿಲ್ಲ. "ತಂಗಿ, ಆಮೇಲೆ ಬಯ್ಯುವೆಯಂತೆ. ಮೊದಲು ಈ ನಂಬರಿಗೆ ಮಾತಾಡ್ತೀನಿ. ಅಮ್ಮ ಹೋಗಿಬಿಡ್ತಾಳೆ!"

ಅವಳು ಪರದೆ ನೋಡಿದಳು. ಅವನ ಕೈಯಿಂದ ಫೋನು ತೆಗೆದು ಮೇಜಿನ ಮೇಲೆ ಮಗುಚಿಟ್ಟಳು.

"ಮೈಕಣ್ಣ, ನಿಮ್ಮ ಮನೆಗೆ ಬೆಂಕಿ ಬಿದ್ದಿದೆ ಅಂತ ಬೆಂಕಿಪೆಟ್ಟಿಗೆ ಹಿಡ್ಕೊಂಡವನೇ ಬಂದು ಕೂಗಿದ್ರೆ ಬಾಗಿಲು ತೆಗೀತೀರಾ? ಇದು ಕಂಪ್ಯೂಟರ್ ಕೊಡ್ತಿರೋ ಎಚ್ಚರಿಕೆ ಅಲ್ಲ. ಒಂದು ಜಾಹೀರಾತು, ಅಷ್ಟೇ. ಆ ನಂಬರಿಗೆ ಕರೆ ಮಾಡಿದ್ರೆ, 'ಕಂಪ್ಯೂಟರ್ ನಮ್ಮ ಕೈಗೆ ಕೊಡಿ, ದೂರದಿಂದಲೇ ಸರಿ ಮಾಡ್ತೀವಿ' ಅಂತಾರೆ. ಆಗ ನಿಜವಾಗ್ಲೂ ಕೆಟ್ಟಂಗೆ."

ಅವಳು ಕೀಲಿಮಣೆಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದಳು. ಏನೇನು ಓಡುತ್ತಿದೆ ಅನ್ನುವ ಪಟ್ಟಿ ಬಂತು. ಅದರಲ್ಲಿ ಬ್ರೌಸರನ್ನು ಆರಿಸಿ ನಿಲ್ಲಿಸಿದಳು. ಸೈರನ್ನು ಗಪ್‌ಚಿಪ್. ಆಮೇಲೆ ಇಂಟರ್ನೆಟ್ಟಿನ ವೈರು ಕಿತ್ತಳು.

"ಇದಕ್ಕೆ ವಯಸ್ಸಾಯ್ತು ತಂಗಿ. ನನ್ನ ಹಾಗೇ," ಅಂದ ಮೈಕಣ್ಣ ಬೆವರು ಒರೆಸಿಕೊಳ್ಳುತ್ತ.

"ವಯಸ್ಸಾಗಿದೆ, ಇಲ್ಲ ಅನ್ನಲ್ಲ. ಆದರೆ ವಯಸ್ಸಾದವರ ಬೆನ್ನ ಮೇಲೆ ಮೂಟೆ ಮೇಲೆ ಮೂಟೆ ಹೇರಿ, ಯಾಕೋ ನಿಧಾನ ನಡೀತಾರೆ ಅಂದ್ರೆ? ನಿಮಗೆ ಗೊತ್ತಿಲ್ಲದೆ ಇದರೊಳಗೆ ಯಾರ್‍ಯಾರೋ ಸೇರ್ಕೊಂಡಿದಾರೆ. ಕೆಲವರು ಜಾಹೀರಾತು ಕೂಗೋರು, ಅವಕ್ಕೆ ಆ್ಯಡ್‌ವೇರ್ ಅಂತಾರೆ. ಇನ್ನು ಕೆಲವರು ಬೇಹುಗಾರರು, ಸ್ಪೈವೇರ್. ನೀವು ಏನು ಟೈಪ್ ಮಾಡ್ತೀರಿ, ಪಾಸ್‌ವರ್ಡ್ ಏನು ಅಂತ ಮೂಲೇಲಿ ಕೂತು ನೋಡಿ ಹೊರಗೆ ಕಳಿಸೋರು. ನಿಮ್ಮ ಹೆಸರಲ್ಲಿ ನಂಗೆ ಆ ಔಷಧಿ ಇ-ಮೇಲ್ ಬಂದಿದ್ದು ಬಹುಶಃ ಹಾಗೇ."

"ಯಾರೂ ಸೇರ್ಕೊಂಡಿಲ್ಲ. ಇದನ್ನ ಮುಟ್ಟೋನು ನಾನೊಬ್ಬನೇ. ಯಂತ್ರ ಅಂದ್ರೆ ನಂಗೇನು ಹೊಸದಾ?"

"ಈಚೆಗೆ ಏನಾದ್ರೂ ಹೊಸದು ಹಾಕಿದ್ರಾ?"

ಮೈಕಣ್ಣ ತಲೆ ಕೆರೆದುಕೊಂಡ. ಅಮ್ಮನ ದನಿಯ ಹಿಂದೆ ಹಳೆ ಟೇಪಿನ ಸೊರಸೊರ ಸದ್ದು ಇತ್ತಲ್ಲ, ಅದನ್ನು ತೆಗೆಯುವ ಪ್ರೋಗ್ರಾಮು ಒಂದು ಬಿಟ್ಟಿ ಸಿಗುತ್ತದೆ ಅಂತ ಎಲ್ಲಿಂದಲೋ ಇಳಿಸಿಕೊಂಡಿದ್ದ. ಅದನ್ನು ಹಾಕುವಾಗ ಒಂದಾದ ಮೇಲೊಂದು ಕಿಟಕಿ ತೆರೆದು ಏನೇನೋ ಕೇಳಿತ್ತು.

"ನೀವೇನು ಒತ್ತಿದ್ರಿ?"

"ಎರಡೇ ಗುಂಡಿ ಇತ್ತು. 'ಸರಿ' ಅಂತ ಒಂದು, 'ರದ್ದು' ಅಂತ ಒಂದು. ಎಲ್ಲದಕ್ಕೂ ಸರಿ ಒತ್ತಿದೆ."

"ಯಾಕೆ?"

"ಇದೇನು ಹೀಗೆ ಕೇಳ್ತೀಯ? ರದ್ದು ಅಂದ್ರೆ ಏನು ಅಂತ ನಂಗೆ ಗೊತ್ತಿಲ್ವಾ?" ಮೈಕಣ್ಣನ ದನಿ ಏರಿತು. "ಬೆಳಗ್ಗಿನಿಂದ ಕಂಬ ಹತ್ತಿ ಹಾರ್ನು ಕಟ್ಟಿರ್ತಿದ್ದೆ. ಮೈದಾನದ ತುಂಬ ವೈರು. ಇನ್ನೇನು ಹಲೋ ಅನ್ಬೇಕು, ಯಾರೋ ಓಡಿ ಬಂದು, 'ಕಾರ್ಯಕ್ರಮ ರದ್ದು' ಅಂತಿದ್ರು. ಮುಗೀತು. ಎಲ್ಲ ಬಿಚ್ಚು, ಸುತ್ತು, ಗಾಡಿಗೆ ಹೇರು. ರದ್ದು ಅಂದ್ರೆ ಏನೂ ಉಳಿಯಲ್ಲ ತಂಗಿ. ಅಮ್ಮನ ದನಿ ಇರೋ ಡಬ್ಬೀಲಿ ಆ ಗುಂಡಿ ಒತ್ತೋಕೆ ಕೈ ಬರುತ್ತಾ?"

ಹೆಂಡತಿ ಹಲ್ಲಲ್ಲಿ ಕಚ್ಚಿದ್ದ ದಾರ ತೆಗೆದು, "ನೋಡಮ್ಮ ಇವರ ವರಸೆ. ಬೇಡ, ಆಗಲ್ಲ ಅನ್ನೋದೆಲ್ಲ ನನಗೆ. ಕಂಪ್ಯೂಟರಿಗೆ ಮಾತ್ರ ಕೇಳಿದ್ದಕ್ಕೆಲ್ಲ ಸರಿ," ಅಂದಳು.

ಲೈಬ್ರರಿ ಅಕ್ಕ ನಗಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು. "ಮೈಕಣ್ಣ, ಆಗ ರದ್ದಾಗ್ತಿದ್ದದ್ದು ಯಾವುದು? ಆ ದಿನದ ಕಾರ್ಯಕ್ರಮ. ನಿಮ್ಮ ಹಾರ್ನು, ವೈರು, ಮೈಕು ಹಾಗೇ ಇರ್ತಿತ್ತು ತಾನೆ? ಇಲ್ಲೂ ಅಷ್ಟೇ. 'ಇದರ ಜೊತೆ ಇನ್ನೊಂದು ಪ್ರೋಗ್ರಾಮು ಹಾಕಲೇ?' ಅಂತ ಅದು ಕೇಳಿದಾಗ ರದ್ದು ಅಂದ್ರೆ, ಆ ಹಾಕೋ ಕೆಲಸ ಮಾತ್ರ ನಿಲ್ಲುತ್ತೆ. ಅಮ್ಮನ ದನಿಗೆ ಕೂದಲೂ ಕೊಂಕಲ್ಲ."

ಮೈಕಣ್ಣ ಒಮ್ಮೆ ಪರದೆಯನ್ನೂ ಒಮ್ಮೆ ಅವಳನ್ನೂ ನೋಡಿದ. ಕೊನೆಗೆ, "ಹಾಗಾದ್ರೆ ನಾನೇ ಬಾಗಿಲು ತೆಗೆದು ಒಳಗೆ ಕರೆದೆ ಅನ್ನು," ಅಂದ.

"ಕಳಿಸೋದೂ ನಿಮ್ಮ ಕೈಲೇ ಆಗುತ್ತೆ. ಏಳಿ, ಈ ಕುರ್ಚಿಗೆ ಬನ್ನಿ. ನಾನು ಹೇಳ್ತೀನಿ, ನೀವು ಮಾಡಿ."

"ಏನಾದ್ರೂ ಹೋದ್ರೆ?"

"ಅದಕ್ಕೇ ಮೊದಲು ಅಮ್ಮನ್ನ ಹೊರಗೆ ಕರ್ಕೊಂಡು ಬರೋಣ."

ಅವಳು ಚೀಲದಿಂದ ಖಾಲಿ ಪೆನ್‌ಡ್ರೈವ್ ತೆಗೆದಳು. ಮೈಕಣ್ಣ 'ಅಮ್ಮ' ಅನ್ನುವ ಫೋಲ್ಡರ್ ತೆರೆದ. ಬಿಳಿ ಕಿಟಕಿ. ಏನೂ ಇಲ್ಲ. ಚಕ್ರ ಸುತ್ತಿತು. ಹೊಲಿಗೆ ಯಂತ್ರ ನಿಂತಿತು. ಮೈಕಣ್ಣನ ತುಟಿ ದೇವರ ಹೆಸರು ಹೇಳುತ್ತಿತ್ತು. ಆಮೇಲೆ ಒಂದೊಂದೇ ಹೆಸರು ಮೂಡತೊಡಗಿತು: ಏಳು ಬಾಗಿಲ ಅರಮನೆ. ಮಾತಾಡುವ ಮೀನು. ಕುಂಬಾರನ ಮಗಳು. ಕಾಡಿಗೆ ಹೋದ ರಾಜಕುಮಾರ.

"ಹಾಡು, ಕಥೆ, ಫೋಟೋ ಇಂಥವು ಮಾತ್ರ ಪ್ರತಿ ಮಾಡಿ. ಪ್ರೋಗ್ರಾಮು ಒಂದೂ ಬೇಡ, ಅದರ ಜೊತೆ ಕಳ್ಳನೂ ಬರ್ತಾನೆ," ಅಂದಳು ಅವಳು.

ಎಲ್ಲವೂ ಬಂದವು, ಒಂದರ ಹೊರತು. ಅಮ್ಮ ಹಾಡಿದ್ದ ಜೋಗುಳದ ಫೈಲು ಎಷ್ಟು ಮಾಡಿದರೂ ತೆರೆಯಲಿಲ್ಲ. ಲೈಬ್ರರಿ ಅಕ್ಕ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ ನೋಡಿ ಕೈಚೆಲ್ಲಿದಳು. "ಇದು ಆ ಕಳ್ಳರ ಕೆಲಸವೋ, ಹಳೆ ಡಿಸ್ಕಿನ ಕೆಲಸವೋ ನಂಗೆ ಹೇಳೋಕಾಗಲ್ಲ ಮೈಕಣ್ಣ. ಇನ್ನೊಂದು ಪ್ರತಿ ಎಲ್ಲಾದ್ರೂ ಇದ್ದಿದ್ರೆ..."

"ಇಲ್ಲ," ಅಂದ ಮೈಕಣ್ಣ. ಕೋಣೆಯ ಕಿಟಕಿಯಾಚೆ ನೋಡಿದ. "ಇರಲಿ ಬಿಡು. ಉಳಿದದ್ದನ್ನ ಉಳಿಸೋಣ."

ಕೆಲಸ ಶುರುವಾಯಿತು. ಮೊದಲು, ಕಂಪ್ಯೂಟರು ಹಚ್ಚಿದ ಕೂಡಲೇ ತಾವಾಗಿ ಎದ್ದು ಕೂರುವ ಪ್ರೋಗ್ರಾಮುಗಳ ಪಟ್ಟಿ ತೆರೆದು, ಬೇಡದವಕ್ಕೆ ತಡೆ ಹಾಕಿದರು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಹಾಕಿರುವ ಎಲ್ಲ ಪ್ರೋಗ್ರಾಮುಗಳ ಪಟ್ಟಿ ತೆರೆದು, ತಾರೀಖಿನ ಪ್ರಕಾರ ಜೋಡಿಸಿದರು. ಸೊರಸೊರ ತೆಗೆಯುವ ಪ್ರೋಗ್ರಾಮು ಬಂದ ದಿನವೇ ಅದರ ಹಿಂದೆ ಒಂದು ದಿಬ್ಬಣವೇ ಬಂದಿತ್ತು! ಹವಾಮಾನ ಹೇಳುವುದು, ರಿಯಾಯಿತಿ ಹುಡುಕುವುದು, ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇನೆ ಅನ್ನುವುದು.

"ವೇಗ ಹೆಚ್ಚಿಸ್ತೀನಿ ಅಂದವನೇ ಕಾಲು ಹಿಡ್ಕೊಂಡು ಕೂತಿದಾನಲ್ಲ!" ಅಂದಳು ಹೆಂಡತಿ, ಯಂತ್ರ ಬಿಟ್ಟು ಎದ್ದು ಬಂದು.

"ಇದನ್ನೂ ತೆಗೀಲಾ?" ಮೈಕಣ್ಣ ಇನ್ನೊಂದರ ಮೇಲೆ ಬೆರಳಿಟ್ಟ.

"ತಡೀರಿ. ಗೊತ್ತಿಲ್ಲದ ಹೆಸರೆಲ್ಲ ಕಳ್ಳರದ್ದಲ್ಲ. ಅದು ಸ್ಪೀಕರ್ ನಡೆಸೋದು, ತೆಗೆದ್ರೆ ಅಮ್ಮ ಮೂಕಿ ಆಗ್ತಾಳೆ. ಅನುಮಾನ ಬಂದ್ರೆ ನನ್ನ ಫೋನಲ್ಲಿ ಆ ಹೆಸರು ಹುಡುಕಿ ನೋಡಿ, ಆಮೇಲೆ ಕೈ ಹಾಕೋಣ."

ಹವಾಮಾನ ಹೇಳುವವನನ್ನು ತೆಗೆಯಲು ಹೋದರೆ ಅಳುವ ಮುಖದ ಚಿತ್ರವೊಂದು ಎದ್ದಿತು. ಕೆಳಗೆ ಅದೇ ಎರಡು ಗುಂಡಿ. ಮೈಕಣ್ಣನಿಗೆ ಈಗ ಹೊಸ ಹುರುಪು. "ನನ್ನ ಹತ್ರ ಅಳ್ತೀಯಾ? ತಗೋ, ರದ್ದು!" ಅಂತ ಟಪ್ಪನೆ ಒತ್ತಿಯೇಬಿಟ್ಟ. ಅಳುಮುಖ ಮಾಯವಾಯಿತು. ಆದರೆ ಹವಾಮಾನದವನು ಪಟ್ಟಿಯಲ್ಲಿ ಇದ್ದ ಹಾಗೇ ಇದ್ದ.

"ಅಯ್ಯೋ ಮೈಕಣ್ಣ!" ಲೈಬ್ರರಿ ಅಕ್ಕ ಹಣೆ ಚಚ್ಚಿಕೊಂಡಳು. "ಅದು ಕೇಳಿದ್ದೇನು? 'ನನ್ನನ್ನು ತೆಗೆದುಹಾಕಲೇ?' ಅಂತ. ನೀವು ರದ್ದು ಅಂದ್ರಿ. ತೆಗೆಯೋದೇ ರದ್ದಾಯ್ತು."

"ಈಗ ತಾನೇ ರದ್ದು ಒಳ್ಳೇದು ಅಂದ್ಯಲ್ಲ!"

"ರದ್ದು ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಗುಂಡಿ ನೋಡ್ಬೇಡಿ, ಪ್ರಶ್ನೆ ಓದಿ. ಯಾವ ಕಾರ್ಯಕ್ರಮ ರದ್ದಾಗುತ್ತೆ ಅಂತ ಕೇಳ್ಕೊಂಡೇ ಒತ್ತಿ. ಇನ್ನೊಂದು ಮಾತು. ಇಂಟರ್ನೆಟ್ ಪುಟದಲ್ಲಿ ಜಾಹೀರಾತು ಎದ್ದಾಗ ಅದರೊಳಗಿನ ಸರಿಯನ್ನೂ ನಂಬಬೇಡಿ, ರದ್ದನ್ನೂ ನಂಬಬೇಡಿ. ಎರಡೂ ಅವರೇ ಬರೆದ ಚಿತ್ರ. ಆ ಪುಟಾನೇ ಮುಚ್ಚಿಬಿಡಿ."

ಮೈಕಣ್ಣ ಕನ್ನಡಕ ಸರಿಮಾಡಿಕೊಂಡು, ಎರಡನೇ ಸಲ ಪ್ರಶ್ನೆಯನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿ, 'ಸರಿ' ಒತ್ತಿದ. ಹವಾಮಾನದವನು ಹೋದ. ಅವನ ಹಿಂದೆ ರಿಯಾಯಿತಿಯವನು, ವೇಗದವನು, ಸೊರಸೊರದವನು.

ಬ್ರೌಸರಿನೊಳಗೂ ಕೆಲವರು ಬೀಡು ಬಿಟ್ಟಿದ್ದರು. ಎಕ್ಸ್‌ಟೆನ್ಷನ್ ಅನ್ನುವ, ಬ್ರೌಸರಿಗೆ ಅಂಟಿಕೊಳ್ಳುವ ಪುಟ್ಟ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಹುಡುಕಿ ಅವರನ್ನು ಕಿತ್ತರು. ಸಿಕ್ಕ ಸಿಕ್ಕ ಜಾಲತಾಣಕ್ಕೆ ಕೊಟ್ಟಿದ್ದ 'ಸೂಚನೆ ಕಳಿಸಬಹುದು' ಅನ್ನುವ ಅನುಮತಿ ವಾಪಸ್ಸು ತೆಗೆದುಕೊಂಡರು. ಆಮೇಲೆ ಇಂಟರ್ನೆಟ್ ವೈರು ಸಿಕ್ಕಿಸಿ, ಕಂಪ್ಯೂಟರಿನ ಜೊತೆಗೇ ಬಂದಿರುವ ಭದ್ರತಾ ಪ್ರೋಗ್ರಾಮನ್ನು ಹೊಸ ಆವೃತ್ತಿಗೆ ತಂದು, ಪೂರ್ತಿ ತಪಾಸಣೆಗೆ ಬಿಟ್ಟರು. ಅದು ಮೂಲೆಮೂಲೆ ತಡಕಾಡಿ, ಅಡಗಿ ಕೂತಿದ್ದ ಒಬ್ಬ ಬೇಹುಗಾರನನ್ನು ಹಿಡಿದು ಬೇರೆ ಇಟ್ಟಿತು. ಪೆನ್‌ಡ್ರೈವಿಗೂ ಅದೇ ತಪಾಸಣೆ ಆಯಿತು.

ತಪಾಸಣೆ ನಡೆಯುವಷ್ಟು ಹೊತ್ತು ಮೂವರೂ ಕಾಫಿ ಕುಡಿಯುತ್ತ ಹಳೆಯ ಮಾತಿಗೆ ಇಳಿದರು. ಲೈಬ್ರರಿ ಅಕ್ಕನೂ ಚಿಕ್ಕವಳಿದ್ದಾಗ ಅಮ್ಮನ ಕಥೆಗೆ ಬಂದು ಕೂರುತ್ತಿದ್ದವಳೇ. ನಡುವೆ ನಿದ್ದೆ ಹೋಗಿ, ಮರುದಿನ ಬಂದು, "ಕೊನೆ ಹೇಳಜ್ಜಿ" ಅಂದರೆ, "ನಿದ್ದೆ ಮಾಡಿದವರಿಗೆ ಕೊನೆ ಇಲ್ಲ, ಮತ್ತೆ ಮೊದಲಿಂದ ಕೇಳು" ಅನ್ನುತ್ತಿದ್ದಳಂತೆ ಅಮ್ಮ.

ಕೊನೆಗೊಂದು ಕೆಲಸ ಉಳಿದಿತ್ತು. "ಇ-ಮೇಲಿನ ಪಾಸ್‌ವರ್ಡ್ ಬದಲಿಸಿ. ಈ ಕಂಪ್ಯೂಟರಿನಲ್ಲಿ ಬೇಡ, ನಿಮ್ಮ ಫೋನಿನಲ್ಲಿ. ಹೆಡ್‌ಮೇಷ್ಟ್ರಿಗೂ ಒಂದು ಮಾತು ಹೇಳಿಬಿಡಿ, ಪಾಪ ಇನ್ನೂ ಕನ್ನಡಿ ಮುಂದೇ ಇರ್ತಾರೆ," ಅಂದಳು.

ಕಂಪ್ಯೂಟರು ಆರಿಸಿ ಮತ್ತೆ ಹಚ್ಚಿದರು. ಮೈಕಣ್ಣ ಅಭ್ಯಾಸಬಲದಿಂದ ಎದ್ದು ಹೊರಡಲು ನೋಡಿದ. ಹೆಂಡತಿ ಅವನ ತೋಳು ಹಿಡಿದು ಕೂರಿಸಿದಳು. "ಎಲ್ಲಿಗೆ? ಆಗಲೇ ಬಂತು ನೋಡಿ."

ಸಂಜೆ ಮಗಳು ಬಂದಳು. ಮಗುವನ್ನು ಮೈಕಣ್ಣನ ತೊಡೆಯ ಮೇಲೆ ಮಲಗಿಸಿದರು. ಪ್ರಾರ್ಥನೆ ಆಗಿತ್ತು, ಕೋಣೆಯಲ್ಲಿ ದೀಪದ ಬೆಳಕಿತ್ತು. ಅವನು ಮಾತಾಡುವ ಮೀನಿನ ಕಥೆ ಹಚ್ಚಿದ. ಒಂದು ಚೂರೂ ತೊದಲದೆ, ಟೇಪಿನ ಸೊರಸೊರದ ನಡುವಿನಿಂದ ಅಮ್ಮ ಮಾತಾಡಿದಳು.

ಕಥೆ ಮುಗಿದ ಮೇಲೂ ಯಾರೂ ಏಳಲಿಲ್ಲ. ಹಾಗಾಗಿ ಮೈಕಣ್ಣ ಎಂದೂ ಕೊನೆಯವರೆಗೆ ಕಾದು ಕೇಳಿರದ ಒಂದು ತುಣುಕು ಆ ದಿನ ಕೇಳಿಬಂತು. ಮೈಕು ಇನ್ನೂ ತೆರೆದೇ ಇರುವುದು ಗೊತ್ತಿಲ್ಲದೆ ಅಮ್ಮ ಯಾರಿಗೋ ಮೆಲ್ಲಗೆ ಹೇಳುತ್ತಿದ್ದಳು: "ನಾನು ಹೋದ ಮೇಲೂ ಇದು ಮಾತಾಡುತ್ತೆ ಅಂತಾನೆ ನನ್ನ ಮಗ. ಹುಚ್ಚು ಮುಂಡೇದು. ಆದರೂ ಆಗಲಿ, ಮೊಮ್ಮಕ್ಕಳ ಮಕ್ಕಳು ಕೇಳಿದ್ರೆ ನಂಗೂ ಸಂತೋಷವೇ."

ಮೈಕಣ್ಣ ಮಗುವಿನ ಕಿವಿಯ ಹತ್ತಿರ ಬಾಗಿ, "ಕೇಳ್ತಾ ಕೂಸೇ? ನಿನ್ನನ್ನೇ ಅಂದಿದ್ದು," ಅಂದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಯಾರದೋ ದನಿ, ಯಾರದೋ ಮುಖ ಇದ್ದೇ ಇರುತ್ತದೆ. ಅದು ನಿಧಾನವಾಯಿತು ಅಂತ ಮೂಲೆಗೆ ತಳ್ಳಬೇಡಿ, ಹೆದರಿಸುವ ಕಿಟಕಿ ತೋರಿಸಿದ ನಂಬರಿಗೆ ಕರೆ ಮಾಡಬೇಡಿ. ಬೇಕಾದ ಪ್ರೋಗ್ರಾಮನ್ನು ಅದನ್ನು ಮಾಡಿದವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಅದು ಏನಾದರೂ ಕೇಳಿದರೆ ಪೂರ್ತಿ ಓದಿ ಉತ್ತರ ಕೊಡಿ. ಭದ್ರತಾ ತಪಾಸಣೆ ಆಗಾಗ ನಡೆಯುತ್ತಿರಲಿ, ಕಂಪ್ಯೂಟರು ಕೇಳುವ ಅಪ್‌ಡೇಟುಗಳನ್ನು ಮುಂದೂಡಬೇಡಿ. ಅದರಲ್ಲಿ ಬ್ಯಾಂಕಿನ ಕೆಲಸ ಮಾಡುತ್ತಿದ್ದು ಅನುಮಾನ ಬಂದರೆ ಬ್ಯಾಂಕಿಗೂ ಕೂಡಲೇ ತಿಳಿಸಿ. ಗೊತ್ತಾಗದಿದ್ದರೆ ಗೊತ್ತಿರುವ, ನಂಬಿಕೆಯ ಒಬ್ಬರನ್ನು ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಇವೆಲ್ಲಕ್ಕಿಂತ ಮೊದಲು, ಈ ಕಾಗದ ಕೆಳಗಿಟ್ಟು ಎದ್ದು ಹೋಗಿ. ನಿಮಗೆ ಮತ್ತೆಂದೂ ಸಿಗದಂಥದ್ದು ಯಾವುದಿದೆಯೋ, ಅದರ ಇನ್ನೊಂದು ಪ್ರತಿಯನ್ನು ಇವತ್ತೇ ಬೇರೆ ಕಡೆ ತೆಗೆದಿಡಿ. ಮೈಕಣ್ಣನ ಮನೆಯ ಆ ಜೋಗುಳ ಇನ್ನು ಯಾರಿಗೂ ಕೇಳುವುದಿಲ್ಲ. ನಿಮ್ಮ ಮನೆಯದು ಕೇಳುತ್ತಿರಲಿ.